ಪ್ರೊಫೆಸರರ ಬೋರ್‌ವೆಲ್

ನೆಲದಡಿಯ ನೀರನ್ನು ಯಂತ್ರದಿಂದ ಪತ್ತೆ ಹಚ್ಚುವ ವಿಧಾನದ ಮೇಲೆ ವಾರಿಜಾ ಪಿಎಚ್‌.ಡಿ. ಮಾಡುತ್ತಿದ್ದಳು. ಥೀಸಿಸ್ ಬರೆದು ಮುಗಿಸಿ ವರ್ಷವಾಗಿತ್ತು. ಗೈಡ್ ಆಗಿದ್ದ ಪ್ರೊಫೆಸರರು ಮಾತ್ರ, "ನಿನ್ನ ವಿಧಾನದ ಮೇಲೆ ನನಗಿನ್ನೂ ನಂಬಿಕೆ ಬಂದಿಲ್ಲಮ್ಮ" ಎನ್ನುತ್ತ ಸಹಿ ಹಾಕದೆ ಸತಾಯಿಸುತ್ತಿದ್ದರು.

ಅವರು ಮನೆ ಕಟ್ಟಿಸಲು ಸೈಟು ಕೊಂಡಾಗ, ಬೋರ್‌ವೆಲ್‌ಗೆ ಜಾಗ ನೋಡಲು ಅವಳನ್ನೇ ಕರೆಸಿಕೊಂಡರು. ಬಿಸಿಲಲ್ಲಿ ತಂತಿ ಎಳೆದು, ಕಬ್ಬಿಣದ ಗೂಟ ಬಡಿದು, ವಾರಿಜಾ ಅಳತೆ ಮುಗಿಸಿದಳು.

"ಎಲ್ಲಿ ಅಂತ ಈಗಲೇ ಹೇಳಬೇಡ. ಇನ್ನೊಬ್ಬರೂ ನೋಡಲಿ. ತಾಳೆಯಾಗುತ್ತಾ ಪರೀಕ್ಷೆ ಮಾಡೋಣ," ಎಂದರು ಪ್ರೊಫೆಸರರು.

ಆ ಇನ್ನೊಬ್ಬರು, ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ನೀರು ನೋಡುವ ಸಿದ್ಲಿಂಗಪ್ಪ. ಆತ ಬಂದದ್ದೇ ಪ್ರೊಫೆಸರರು ಚಪ್ಪಲಿ ಬಿಟ್ಟು ಕೈಮುಗಿದು, ಎಳನೀರು ತರಲು ತಾವೇ ಓಡಿದರು.

ಸಿದ್ಲಿಂಗಪ್ಪ ವಾರಿಜಾಳ ಹತ್ತಿರ ಸರಿದು ಪಿಸುಗುಟ್ಟಿದ: "ಮಿಷನ್ ಎಲ್ಲಿ ತೋರಿಸ್ತು ತಾಯಿ?"

"ಯಾಕೆ, ನಿಮಗೆ ಕಾಯಿ ಹೇಳೋದಿಲ್ವಾ?"

"ಕಾಯಿ ಏನು ಹೇಳುತ್ತೆ? ನಾನು ತೋರಿಸಿದ ಬೋರುಗಳಲ್ಲಿ ಬರೀ ಧೂಳು ಬರ್ತಾ ಇದೆ."

ಅವಳಿಗೆ ನಗು ಬಂತು. ಆಮೇಲೆ ತನ್ನ ಥೀಸಿಸ್ ನೆನಪಾಯಿತು. "ಆ ಬೇವಿನ ಮರದ ಎಡಕ್ಕೆ," ಎಂದಳು.

ಸಿದ್ಲಿಂಗಪ್ಪ ಕಣ್ಣು ಮುಚ್ಚಿಕೊಂಡು ಸೈಟೆಲ್ಲ ಸುತ್ತಿದ. ಬೇವಿನ ಮರದ ಎಡಕ್ಕೆ ಬಂದಾಗ ಅವನ ಮೈ ನಡುಗಿ, ಅಂಗೈ ಮೇಲಿನ ಕಾಯಿ ನೆಟ್ಟಗೆ ಎದ್ದು ನಿಂತಿತು.

"ನನ್ನ ಅಳತೆಯಲ್ಲೂ ಇದೇ ಜಾಗ ಸರ್," ಎಂದಳು ವಾರಿಜಾ.

ಪ್ರೊಫೆಸರರ ಕಣ್ಣು ತುಂಬಿ ಬಂತು. "ಈಗ ವೈಜ್ಞಾನಿಕವಾಗಿ ಸಾಬೀತಾಯ್ತು ನೋಡಮ್ಮ. ನಾಳೆ ಥೀಸಿಸ್ ತಗೊಂಡು ಬಾ, ಸಹಿ ಹಾಕ್ತೀನಿ."