ಹೆರಿಗೆ ಕೋಣೆಗೆ ಹೋದ ದಿಮ್ಮಿ

ಕರೆಂಟೂ ಎಣ್ಣೆಯೂ ಇಲ್ಲವಾಗಿ ಹನ್ನೆರಡು ವರ್ಷವಾಗಿತ್ತು. ಗದಗದ ಮನೆಗಳಲ್ಲೀಗ ಕೊಳೆತ ಕಟ್ಟಿಗೆಯ ಮೇಲೆ ಬೆಳೆದು ಕತ್ತಲಲ್ಲಿ ಹೊಳೆಯುವ ಅಣಬೆಯದೇ ಬೆಳಕು. ಒಂದು ಕಾಲಕ್ಕೆ ಬಾಗಿಲು, ಕಿಟಕಿ ಮಾಡುತ್ತಿದ್ದ ಮೌನೇಶಪ್ಪ ಬಡಿಗೇರ ಈಗ ಮಾವಿನ ದಿಮ್ಮಿಗಳನ್ನು ತೋಯಿಸಿ, ಕೊಳೆಸಿ, ಅಣಬೆ ಹಿಡಿಸಿ ಮನೆಮನೆಗೆ ಕೊಡುತ್ತಿದ್ದ. ಈ ಬೇಸಿಗೆಗೆ ಅವು ಒಣಗಿ ಒಂದೊಂದಾಗಿ ಆರತೊಡಗಿದ್ದವು. ದಿನವಿಡೀ ನೀರು ಹೊತ್ತು ಅವನ ಹೆಗಲು ಸೋತುಹೋಗಿತ್ತು.

ಕತ್ತಲಾದ ಮೇಲೆ ಮನೆಗೆ ಬಂದು ಕೂತಿದ್ದನಷ್ಟೇ, ಆಸ್ಪತ್ರೆಯ ನರ್ಸ್ ಸುಶೀಲಾ ಓಡಿ ಬಂದಳು.

“ಕಾಕಾ, ಹೆರಿಗಿ ಕೋಣ್ಯಾಗಿನ ದಿಮ್ಮಿ ಆರೇತಿ. ಕೂಸು ಅಡ್ಡ ತಿರಿಗೇತಿ. ನನ್ನ ಕೈ ನನಗ ಕಾಣವಲ್ದು.”

“ಹೊಸಾದು ಬೆಳಗಾಕ ಇನ್ನೂ ಹದಿನೈದು ದಿನ ಬೇಕವಾ.”

ಅವಳು ಹೋಗಲಿಲ್ಲ. ಮೂಲೆಯಲ್ಲಿ ಅವನ ಮನೆಯ ದಿಮ್ಮಿ ಹಸಿರಾಗಿ ಬೆಳಗುತ್ತಿತ್ತು. ಹೋದ ವರ್ಷ ಕತ್ತಲಲ್ಲಿ ಬಿದ್ದು ಕೈ ಮುರಿದುಕೊಂಡಿದ್ದ ಹೆಂಡತಿ ಕಮಲವ್ವನಿಗೆ, ಅದನ್ನು ಯಾರಿಗೂ ಕೊಡುವುದಿಲ್ಲವೆಂದು ಅವನು ಮಾತು ಕೊಟ್ಟಿದ್ದ. ಈಗ ಹೆಂಡತಿಯ ಮುಖ ನೋಡಿದ.

“ಒಯ್ರಿ. ಅಲ್ಲೊಂದು ಜೀವ ಒದ್ದಾಡಾಕತ್ತೇತಿ,” ಎಂದಳು ಕಮಲವ್ವ.

ಸೋತ ಹೆಗಲಿಗೇ ದಿಮ್ಮಿ ಏರಿಸಿಕೊಂಡು ಅವನು ನಡೆದ. ನಡುರಾತ್ರಿ ಗೋಡೆ ತಡವುತ್ತ ಬರಿಗೈಯಲ್ಲಿ ಮರಳಿದಾಗ ಮನೆಯೆಲ್ಲ ಕತ್ತಲು.

“ಏನ್ ಹುಟ್ತು?”

“ಹೆಣ್ಣು. ತಾಯಿ ಮಗಳು ಆರಾಮ ಅದಾರ.”

“ದಿಮ್ಮಿ?”

“ಇನ್ನಿಬ್ರು ಬಸರಗಿತ್ತ್ಯಾರು ಹೆರಿಗಿ ಬ್ಯಾನಿ ತಿನ್ನಾಕತ್ತಾರ. ಅಲ್ಲೇ ಬಿಟ್ಟೆ.”

ಕಮಲವ್ವ ಕತ್ತಲಲ್ಲಿ ಅವನ ಕೈ ಹುಡುಕಿ ರೊಟ್ಟಿ ಇಟ್ಟಳು. ಮೊದಲ ತುತ್ತು ಮುರಿಯುವಷ್ಟರಲ್ಲೇ ಅವನಿಗೆ ನಿದ್ದೆ ಹತ್ತಿತ್ತು.