ಆರನೆಯ ಇಯತ್ತೆಯ ವ್ಯಾಕರಣ

ಆ ಊರಲ್ಲಿ ಮಕ್ಕಳಿಗೆ ಮನೆಯಲ್ಲೇ ಪಾಠ. ಕಲಿಸುವವರು ಆಯಾ ಮನೆಯ ಸತ್ತವರು. ತಾವು ಓದಿದ್ದಷ್ಟನ್ನು ಕಲಿಸಿ ಮುಗಿಸಿದೊಡನೆ ಮನೆ ಬಿಡುತ್ತಿದ್ದರು. ನೀಲವ್ವನ ತೀರಿಕೊಂಡ ಗಂಡ ಫಕೀರಪ್ಪ ಓದಿದ್ದು ಆರನೆಯ ಇಯತ್ತೆಯವರೆಗೆ.

ಮನೆಮನೆಗೆ ವ್ಯಾಕರಣದ ಪುಸ್ತಕ ಹಂಚಿ, ಪರೀಕ್ಷೆ ತೆಗೆದುಕೊಳ್ಳಲು ಬರುವ ಅಕ್ಕೋರು ನೀಲವ್ವನ ಮಗಳು ಕಸ್ತೂರಿಯ ಪರೀಕ್ಷೆಯ ಹಾಳೆ ನೋಡಿದರು. "ಈ ಸಲಾನೂ ಬರೇ ತಪ್ಪು. ಮೂರು ವರ್ಷ ಆತು, ಆರನೇ ಪುಸ್ತಕಾನ ಮದುವಿ ಆಗ್ತಾಳೇನವಾ? ಮತ್ತ ಅದನ್ನ ಕೊಡ್ಲೇನು?"

ಕಸ್ತೂರಿ ತಲೆ ಎತ್ತಲಿಲ್ಲ. ನೀಲವ್ವ "ಹೂಂ" ಅನ್ನುವಷ್ಟರಲ್ಲಿ ಒಳಗಿನ ಖಾಲಿ ಕುರ್ಚಿಯಿಂದ ದನಿ ಬಂತು.

"ಹುಡುಗಿ ಬೇಕಂತನ ತಪ್ಪು ಬರೀತಾಳ್ರಿ, ಅಕ್ಕೋರ. ಏಳನೇದು ಕೊಡ್ರಿ. ನಂದು ಮುಗೀತು."

ಕಸ್ತೂರಿ ಬಿಕ್ಕಿದಳು. ನೀಲವ್ವ ಅಕ್ಕೋರು ಕೊಟ್ಟ ಏಳನೆಯ ಪುಸ್ತಕವನ್ನು ಮಗಳ ಕೈಗಿಟ್ಟು, ಸೆರಗು ಸರಿಪಡಿಸಿಕೊಂಡಳು.

"ಅಕ್ಕೋರ, ನನಗ ಒಂದಕ್ಷರಾನೂ ಬರಂಗಿಲ್ಲ. ಒಂದನೇದು ನನಗ ಕೊಡ್ರಿ."

ಒಳಗೆ ಕುರ್ಚಿ ಅವಳ ಕಡೆ ತಿರುಗಿದ ಸದ್ದಾಯಿತು.