ಭಾರ್ಗವಿಯ ಕಛೇರಿ

ಹಳೆಯ ಶಿಷ್ಯೆ ಭಾರ್ಗವಿ ಮನೆಗೇ ಬಂದು ಕರೆದಿದ್ದಳೆಂದು ಸಂಗೀತದ ಶೇಷಗಿರಿ ಮೇಷ್ಟ್ರು ಜರಿ ಶಲ್ಯ ಹೊದ್ದು ಮೊದಲ ಸಾಲಿನಲ್ಲೇ ಕೂತಿದ್ದರು. ವೇದಿಕೆಯ ಮೇಲೆ ತಂಬೂರಿಯೂ ಇಲ್ಲ, ಮೃದಂಗವೂ ಇಲ್ಲ. ಒಂದು ಲ್ಯಾಪ್‌ಟಾಪು, ನಾಲ್ಕಾರು ವೈರು, ಹಿಂದೊಂದು ಬಿಳಿ ಪರದೆ.

ಅವಳು ಗುಂಡಿಯೊಂದನ್ನು ತಿರುಗಿಸಿದಳು. ಸ್ಪೀಕರಿನಿಂದ ಗಂಡಸೊಬ್ಬನ ಒಡಕು ದನಿ ಹೊರಬಿತ್ತು. “ಮತ್ತೆ! ಇನ್ನೊಂದ್ಸಲ! ಕತ್ತೆ!” ಅದರ ಹಿಂದೆಯೇ ಪುಟ್ಟ ಹುಡುಗಿಯೊಬ್ಬಳ ಬಿಕ್ಕು. ಭಾರ್ಗವಿ ಆ ದನಿಯನ್ನು ಆ ಕ್ಷಣಕ್ಕೆ ತೋಚಿದಂತೆ ಎಳೆದಳು, ಒಡೆದಳು, ನಡುವೆ ತನ್ನ ಆಲಾಪ ಸೇರಿಸಿದಳು. ದನಿ ಗದರಿದಾಗಲೆಲ್ಲ ಪರದೆಯ ಮೇಲೆ ಕೆಂಪು ಬಣ್ಣ ಒಡೆದ ಹುಣ್ಣಿನಂತೆ ಒಸರಿ ಹರಡುತ್ತಿತ್ತು.

ಮೇಷ್ಟ್ರು ಮುಖ ಸಿಂಡರಿಸಿದರು. “ಥೂ, ಇದೂ ಒಂದು ಸಂಗೀತವೇ?” ಎಂದು ಪಕ್ಕದವರಿಗೆ ಕೇಳಿಸುವಂತೆಯೇ ಗೊಣಗಿದರು. ನಡುವೆ ಎದ್ದು ಹೋಗಲು ಮರ್ಯಾದೆ ಅಡ್ಡ ಬಂತು. ಚಪ್ಪಾಳೆ ಮುಗಿದದ್ದೇ ತಡ, ನೇರವಾಗಿ ವೇದಿಕೆ ಹತ್ತಿದರು.

“ಹತ್ತು ವರ್ಷ ನನ್ನ ಹತ್ರ ಕಲಿತು ಇದನ್ನೇನೇ ಮಾಡೋದು? ನಿನ್ನ ಮಿಷಿನ್ನು, ಬಣ್ಣ ಎಲ್ಲ ಹಾಳಾಗಿ ಹೋಗ್ಲಿ. ಆ ಮಗೂನ ಹಾಗೆ ಅಳಿಸ್ತಾನಲ್ಲ, ಅವನೂ ಮನುಷ್ಯನೇನೇ? ಕೇಳಿದ್ರೆ ವಾಕರಿಕೆ ಬರತ್ತೆ. ಎಲ್ಲಿ ಸಿಕ್ಕಿದ ನಿಂಗೆ ಆ ರಾಕ್ಷಸ?”

ವೈರು ಸುತ್ತುತ್ತಿದ್ದ ಭಾರ್ಗವಿ ಕೈ ನಿಲ್ಲಿಸಿದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ.

“ಮನೇಲಿ ಅಭ್ಯಾಸಕ್ಕೆ ಬೇಕು ಅಂತ ನಮ್ಮಮ್ಮ ನಿಮ್ಮ ಪಾಠಾನೆಲ್ಲ ಕ್ಯಾಸೆಟ್ಟಲ್ಲಿ ರೆಕಾರ್ಡ್ ಮಾಡಿಡ್ತಿದ್ರು, ಮೇಷ್ಟ್ರೇ.”